ಚರ್ಚ್ ಹಾಲ್‌ನಲ್ಲಿ ಮಕ್ಕಳ ಆಟದ ಜಾಗ, ಪಕ್ಕದಲ್ಲಿ ಕಾಫಿ: ಮೈಸೂರಿಗೆ ಒಗ್ಗುತ್ತಾ?

ಲಷ್ಕರ್ ಮೊಹಲ್ಲಾ:
ನಮ್ಮ ಚರ್ಚಿನ ಹಾಲ್ 30×40 ಅಡಿ, ನೆಲಮಹಡಿ. ಭಾನುವಾರ, ಮದುವೆ ಬಿಟ್ಟರೆ ಬೀಗ. ಇಂಗ್ಲೆಂಡಿನ ಎಷ್ಟೋ ಚರ್ಚುಗಳು ವಾರದ ದಿನಗಳಲ್ಲಿ ಪುಟ್ಟ ಮಕ್ಕಳಿಗೆ ಆಟದ ಜಾಗ, ದೊಡ್ಡವರಿಗೆ ಕೆಫೆ ನಡೆಸುತ್ತವೆ. ಹಾಗೇ ಇಲ್ಲೂ ಸೋಮವಾರದಿಂದ ಶುಕ್ರವಾರ, ಸಂಜೆ 4ರಿಂದ 7, ಆರು ವರ್ಷದೊಳಗಿನ ಎಲ್ಲ ಜಾತಿ-ಧರ್ಮದ ಮಕ್ಕಳಿಗೆ ಅಂತ ಕಮಿಟಿ ಮುಂದೆ ಪ್ರಸ್ತಾಪ ಇದೆ. ಜಾರುಬಂಡೆ, ಬಾಲ್ ಪಿಟ್ (ಪ್ಲಾಸ್ಟಿಕ್ ಚೆಂಡು ತುಂಬಿದ ತೊಟ್ಟಿ), ಫಿಲ್ಟರ್ ಕಾಫಿ, ಬನ್ನು. ಪ್ರವೇಶ ಉಚಿತ. ಎಲ್ಲಿ ಎಡವಬಹುದು, ಹೇಳಿ.

ಜಾರುಬಂಡೆ:
ಬಾಲ್ ಪಿಟ್ ಕೈಬಿಡಿ. 2 ಮೀಟರ್ ಉದ್ದ, 2 ಅಗಲ, 40 ಸೆಂ.ಮೀ ಆಳದ ತೊಟ್ಟಿಗೆ 8 ಸೆಂ.ಮೀ ಚೆಂಡು ಮೂರು ಸಾವಿರದ ಮೇಲೇ ಬೇಕು. ಒಂದು ಮಗು ಅಲ್ಲಿ ವಾಂತಿ ಮಾಡಿದರೆ ಅಷ್ಟನ್ನೂ ತೊಳೀಬೇಕು. 5% ಬ್ಲೀಚನ್ನು ಲೀಟರ್ ನೀರಿಗೆ 20 ಮಿ.ಲೀ ಹಾಕಿ, ಹತ್ತು ನಿಮಿಷ ಮುಳುಗಿಸಿ, ಬರೀ ನೀರಲ್ಲಿ ಜಾಲಿಸಿ ಒಣಗಿಸಬೇಕು. ಬುಟ್ಟಿಗೆ ಇನ್ನೂರರಂತೆ ಹದಿನಾರು ಸಲ. ನೆನೆಸೋದಕ್ಕೇ ಎರಡೂವರೆ ಗಂಟೆ ದಾಟುತ್ತೆ. ಯಾರು ಮಾಡ್ತಾರೆ? ಯಾರೂ ಮಾಡಲ್ಲ, ಮೇಲಿನ ಪದರ ಒರೆಸಿ ಬಿಡ್ತಾರೆ.

ಜಾರುಬಂಡೆ ಇರಲಿ, ಆದರೆ ಅಟ್ಟ 60 ಸೆಂ.ಮೀ ಮೀರದಿರಲಿ. ಅದಕ್ಕಿಂತ ಎತ್ತರ ಹೋದರೆ, ಬೀಳುವ ಎತ್ತರಕ್ಕೆ ಪರೀಕ್ಷೆಯಾದ ನೆಲಹಾಸು ಬೇಕು ಅನ್ನುತ್ತೆ ಯುರೋಪಿನ ಇಎನ್ 1176 ಮಾನದಂಡ. ಅಂಗಡಿಯಲ್ಲಿ ಸಿಗೋ 20 ಮಿ.ಮೀ ಫೋಮ್ ಚಾಪೆ ಅಂಬೆಗಾಲಿಡೋಕೆ ಸರಿ, ಬಿದ್ದವರನ್ನು ಕಾಯೋಕಲ್ಲ. ಮಳೆಗಾಲದಲ್ಲಿ ನೆಲ ಬೆವರುತ್ತೆ, ಚಾಪೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತೆ. ವಾರಕ್ಕೊಮ್ಮೆ ಎತ್ತಿ ಗಾಳಿಗೆ ನಿಲ್ಲಿಸಿ.

ಕಟಕಟೆ ಮಾಡಿಸುವಾಗ ಟೇಪು ಹಿಡಿದೇ ನಿಲ್ಲಿ. ಕಂಬಿಗಳ ಸಂದು 89ರಿಂದ 230 ಮಿ.ಮೀ ನಡುವೆ ಇದ್ದರೆ ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳುತ್ತೆ. 8ರಿಂದ 25 ಮಿ.ಮೀ ಸಂದಿನಲ್ಲಿ ಬೆರಳು. ನಮ್ಮ ವೆಲ್ಡಿಂಗ್ ಅಂಗಡಿಯವರು ರೂಢಿಯಲ್ಲಿ ಬಿಡೋ ನಾಲ್ಕೈದು ಇಂಚಿನ ಸಂದು ಸರಿಯಾಗಿ ಅಪಾಯದ ಅಳತೆಯಲ್ಲೇ ಬೀಳುತ್ತೆ. ಮತ್ತೆ ಸಂಜೆ ನಾಲ್ಕಕ್ಕೆ ಮಕ್ಕಳು ಶಾಲೆಯಿಂದ ನೇರ ಬರ್ತಾವೆ, ಕೊರಳಲ್ಲಿ ಐಡಿ ಕಾರ್ಡಿನ ಪಟ್ಟಿ. ಜಾರುವಾಗ ಅದು ಎಲ್ಲಾದರೂ ಸಿಕ್ಕಿಕೊಂಡರೆ ಕುಣಿಕೆ. ಬಾಗಿಲಲ್ಲೇ ಬಿಚ್ಚಿಸಿ ಮೊಳೆಗೆ ನೇತು ಹಾಕಿ.

ಡಬಲ್ ಡಿಕಾಕ್ಷನ್:
ಕಾಫಿ ಅಂದಾಜು: ಒಂದು ಲೋಟಕ್ಕೆ 30 ಮಿ.ಲೀ ಡಿಕಾಕ್ಷನ್, 90 ಮಿ.ಲೀ ಹಾಲು. ಲೀಟರ್ ಹಾಲಿಗೆ ಹನ್ನೊಂದು ಲೋಟ, ಕುದಿದು ಹೋಗಿದ್ದು ಕಳೆದರೆ ಹತ್ತು. ಅದು ಸುಲಭದ ಭಾಗ.

ಕಷ್ಟದ್ದು ಬಿಸಿ. 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನೇ ಐದು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತೆ, ಮಕ್ಕಳದ್ದು ಇನ್ನೂ ಬೇಗ. ನಾವು ಕುಡಿಯೋ ಕಾಫಿ ಅದಕ್ಕಿಂತ ಬಿಸಿ. ಬಟ್ಟಲು-ಲೋಟ ಬೇಡ, ಎತ್ತಿ ಆರಿಸೋ ಚಟ ಯಾರಿಗೂ ಬಿಡಲ್ಲ. ಮುಚ್ಚಳ ಇರೋ ಕಪ್ಪಲ್ಲಿ ಕೊಡಿ. ಮೇಜಿಗೆ ಬಟ್ಟೆ ಹಾಸಬೇಡಿ, ಮಗು ಹಿಡಿದು ಎಳೆಯುತ್ತೆ. ಆಟದ ಕಡೆಗೆ ನಾಲ್ಕಡಿ ಗೇಟು, ಚಿಲಕ ಹೊರಗಡೆ, ಮೇಲೆ.

ತಿಂಡಿಯಲ್ಲಿ ಕಡಲೆಕಾಯಿ, ಇಡೀ ದ್ರಾಕ್ಷಿ ಐದು ವರ್ಷದೊಳಗಿನವರಿಗೆ ಬೇಡವೇ ಬೇಡ. ದ್ರಾಕ್ಷಿ ಕೊಟ್ಟರೆ ಉದ್ದಕ್ಕೆ ನಾಲ್ಕು ಸೀಳು. ಅಡ್ಡ ಕೊಯ್ದರೆ ಗಂಟಲಿಗೆ ಬಿರಡೆಯಂತೆ ಕೂರುತ್ತೆ.

ಲೆಕ್ಕಪತ್ರ:
ಗೇಟಿಗಿಂತ ಮೊದಲು ಕಾಗದ ನೋಡಿ ಸ್ವಾಮಿ. ಬನ್ನು ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಪ್ರಮಾಣಪತ್ರ ಗೋಡೆಗೆ ಹಾಕಬೇಕು. ವಹಿವಾಟು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿ ತಲೆನೋವಿಲ್ಲ. ಆದರೆ ಚರ್ಚಿನ ಟ್ರಸ್ಟು ವ್ಯಾಪಾರ ಮಾಡಿದರೆ ಅದು ಟ್ರಸ್ಟಿನ ಉದ್ದೇಶಕ್ಕೆ ಪೂರಕವಾಗಿರಬೇಕು, ಲೆಕ್ಕದ ಪುಸ್ತಕ ಬೇರೆ ಇರಬೇಕು ಅನ್ನುತ್ತೆ ಆದಾಯ ತೆರಿಗೆ ಕಾನೂನು. ಕಾಣಿಕೆ ಹಣದಲ್ಲಿ ಹಾಲು ತಂದು, ಕಾಫಿ ದುಡ್ಡಲ್ಲಿ ಚರ್ಚಿನ ಕರೆಂಟ್ ಬಿಲ್ ಕಟ್ಟೋ ಕಲಸುಮೇಲೋಗರ ಆಡಿಟ್‌ನಲ್ಲಿ ನಿಲ್ಲಲ್ಲ. ವಿದೇಶಿ ದೇಣಿಗೆ ಇದ್ದರೆ ಅದು ಬಂದ ಉದ್ದೇಶಕ್ಕೆ ಮಾತ್ರ, ಕಾಫಿ ಯಂತ್ರಕ್ಕೆ ಮುಟ್ಟಬೇಡಿ. ಚೆಸ್ಕಾಂ ಕರೆಂಟ್ ಮೀಟರೂ ಬೇರೆ ತಗೊಳ್ಳಿ.

ಮಂಡ್ಯ ಕಡೆಯವ:
ನೀವೆಲ್ಲ ಮಿ.ಮೀ ಲೆಕ್ಕ ಹಾಕ್ತಾ ಕೂತ್ರಿ. ಜನ ಮೊದ್ಲು ಕೇಳಾದು ಒಂದೇ ಕಣ್ರಪ್ಪ: "ಪುಕ್ಸಟ್ಟೆ ಯಾಕ್ ಕೊಡ್ತಾವ್ರೆ?" 2022ರಲ್ಲಿ ಕರ್ನಾಟಕದಲ್ಲಿ ಬಂದ ಮತಾಂತರ ತಡೆ ಕಾಯ್ದೆಲಿ ಉಡುಗೊರೆನೂ ಆಮಿಷದ ಪಟ್ಟಿಲಿ ಐತೆ. ಮತಾಂತರದ ಉದ್ದೇಶ ಇದ್ರೆ ತಾನೇ ಅಪರಾಧ ಅಂತೀರಾ, ಸರಿ. ಆದ್ರೆ ಬಾಗ್ಲಲ್ಲಿ ಗಲಾಟೆ ಮಾಡೋನು ಉದ್ದೇಶ ಕೇಳ್ಕಂಡು ಬತ್ತಾನಾ? ಮಗೀಗೆ ಇಪ್ಪತ್ತೋ ಮೂವತ್ತೋ ರೂಪಾಯಿ ಇಡಿ. ದುಡ್ಡು ಕೊಟ್ಟ ತಾಯಿ ಹಂಗಿಲ್ದೆ ಕೂತ್ಕತಾಳೆ, ಗೇಟು ಸರಿ ಇಲ್ದಿದ್ರೆ ಜೋರು ಮಾಡಿ ಕೇಳ್ತಾಳೆ.

ಲಷ್ಕರ್ ಮೊಹಲ್ಲಾ:
ಶುಲ್ಕ ಇಟ್ಟರೆ ಸೇವೆ ಅನ್ನೋ ಮಾತು ಎಲ್ಲಿ ಉಳೀತು? ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ 1906ರಿಂದ ಇದೆ. ಅಲ್ಲಿ ಹೆರಿಗೆಗೆ ಹೋದವರನ್ನು ಯಾರೂ ಅನುಮಾನದಿಂದ ನೋಡಲಿಲ್ಲ.

ಮಂಡ್ಯ ಕಡೆಯವ:
ಅಣ್ಣಾ, ಆಸ್ಪತ್ರೇಲೂ ಬಿಲ್ ಕಟ್ತಾರೆ. ಅಲ್ಲಿ ಡಾಕ್ಟ್ರು ಡಾಕ್ಟ್ರ ಕೆಲ್ಸ ಮಾಡ್ತಾರೆ. ಇಲ್ಲಿ ಕಾಫಿ ಕೊಡೋ ಆಂಟಿ "ಭಾನುವಾರ ಮಗೂನ ಸಂಡೇ ಸ್ಕೂಲಿಗೆ ಕರ್ಕಂಡ್ ಬಾಮ್ಮ" ಅಂದ್ಬಿಟ್ರೆ ಮುಗೀತು. ಒಳ್ಳೆ ಮನಸಿಂದ್ಲೇ ಅಂತಾರೆ, ಅದೇ ಪಜೀತಿ.

ಸಂಡೇ ಸ್ಕೂಲ್ ಟೀಚರ್:
ಆ ಮಾತು ನಮಗೇ ತಾಗುತ್ತೆ, ಆದರೂ ನಿಜ. ಗೋಡೆ ಮೇಲೆ ಶಿಲುಬೆ ಇರಲಿ, ಅದು ಚರ್ಚು, ಮುಚ್ಚಿಡೋದು ಇನ್ನೂ ಅನುಮಾನ. ಕರಪತ್ರ ಬೇಡ, ತಿಂಡಿಗೆ ಮುಂಚೆ ಎಲ್ಲರ ಕೈಯಲ್ಲಿ ಪ್ರಾರ್ಥನೆ ಮಾಡಿಸೋದು ಬೇಡ, ಫೋನ್ ನಂಬರ್ ಬರೆಸಿಕೊಂಡು ಕ್ರಿಸ್‌ಮಸ್‌ಗೆ ಮೆಸೇಜ್ ಕಳಿಸೋದೂ ಬೇಡ.

ಇದಕ್ಕಿಂತ ದೊಡ್ಡದು ಮಕ್ಕಳ ರಕ್ಷಣೆ. ಮಗುವನ್ನು ಬಿಟ್ಟು ಹೋಗುವ ಹಾಗಿಲ್ಲ ಅಂತ ಮೊದಲ ದಿನವೇ ಬೋರ್ಡ್ ಹಾಕಿ, ಇಲ್ಲವಾದರೆ ನೀವು ನಡೆಸೋದು ಶಿಶುಪಾಲನಾ ಕೇಂದ್ರ. ಸ್ವಯಂಸೇವಕರಿಗೆ ಪೊಲೀಸ್ ವೆರಿಫಿಕೇಶನ್ ಮಾಡಿಸಿ, ಎಷ್ಟೇ ಹಳೇ ಸಭೆಯವರಾಗಲಿ. ಯಾರೂ ಒಂಟಿಯಾಗಿ ಮಗುವಿನ ಜೊತೆ ಇರಬಾರದು, ಶೌಚಾಲಯಕ್ಕೆ ತಾಯಿ-ತಂದೆಯೇ ಕರೆದೊಯ್ಯಬೇಕು. ಅನುಮಾನ ಬಂದರೆ ಕಮಿಟಿಯಲ್ಲಿ ಇಟ್ಟು ಮಾತಾಡೋಣ ಅನ್ನೋ ಹಳೇ ಅಭ್ಯಾಸ ಇದೆಯಲ್ಲ, ಹಾಗೆ ಪೊಲೀಸರಿಗೆ ತಿಳಿಸದೆ ಮುಚ್ಚಿಟ್ಟರೆ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ) ಕಾಯ್ದೆಯಲ್ಲಿ ಅಪರಾಧ. 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಫಾದರ್ ಆಗಲಿ ಸಭಾಪಾಲಕರಾಗಲಿ. ಮಕ್ಕಳ ಸಹಾಯವಾಣಿ 1098 ಸಂಖ್ಯೆ ಕೌಂಟರ್ ಮೇಲೆ ದೊಡ್ಡದಾಗಿ ಅಂಟಿಸಿ.

ಲೆಕ್ಕಪತ್ರ:
ಶುಲ್ಕದ ವಿಷಯದಲ್ಲಿ ಮಂಡ್ಯದವರ ಮಾತು ಅರ್ಧ ಒಪ್ಪುತ್ತೇನೆ. ಕಡ್ಡಾಯ ಟಿಕೆಟ್ ಇಟ್ಟರೆ ಆಟದ ಜಾಗವೂ ವ್ಯಾಪಾರ ಆಗುತ್ತೆ. ಆಟ ಉಚಿತ, ಕಾಫಿ-ತಿಂಡಿಗೆ ಬೀದಿಯ ಹೋಟೆಲಿನ ದರ. ಅದಕ್ಕಿಂತ ಕಮ್ಮಿ ಮಾಡಬೇಡಿ, ಎದುರು ಅಂಗಡಿಯವನ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತೆ.

ಮಂಡ್ಯ ಕಡೆಯವ:
ಕಾಫಿ ಕುಡೀದೋರು ಸುಮ್ನೆ ಕೂರೋಕೆ ಮುಜುಗರ ಪಡ್ತಾರೆ. ಬಡವರೇ ಮೊದ್ಲು ಬರದಂಗಾಯ್ತಾರೆ, ನೋಡ್ತಿರಿ.

ಜಾರುಬಂಡೆ:
ವಾರಕ್ಕೆ ಐದು ದಿನ ಅಂದಿದ್ದೀರಿ. ಮೂರು ಗಂಟೆ ಆಟ, ಒಂದು ಗಂಟೆ ಜೋಡಿಸಿ ತೊಳೆಯೋಕೆ, ಕನಿಷ್ಠ ಮೂರು ಜನ: ವಾರಕ್ಕೆ 60 ತಾಸು ಆಳಿನ ಕೆಲಸ. ಎರಡು ದಿನ ಅಂದರೆ 24. ಮಂಗಳವಾರ, ಗುರುವಾರ ಶುರು ಮಾಡಿ. ಒಮ್ಮೆಗೆ ಹದಿನೈದು ಮಕ್ಕಳು, ಹದಿನಾರನೆಯದಕ್ಕೆ ಬಾಗಿಲಲ್ಲಿ ಕಾಯೋ ಬೆಂಚು.

ಲಷ್ಕರ್ ಮೊಹಲ್ಲಾ:
ಎರಡು ದಿನ, ಬಾಲ್ ಪಿಟ್ ಇಲ್ಲ, ಕರಪತ್ರ ಇಲ್ಲ: ಇಷ್ಟು ಬರೆದುಕೊಂಡೆ. ಮುಜುಗರದ ಪ್ರಶ್ನೆಗೆ ಕೌಂಟರ್ ಹೊರಗೆ, ಗೇಟಿನ ಈಚೆ ಒಂದು ಕುಡಿಯೋ ನೀರಿನ ಫಿಲ್ಟರ್, ಅಲ್ಲೇ ನಾಲ್ಕು ಕುರ್ಚಿ ಇಡಬಹುದಾ?

ಡಬಲ್ ಡಿಕಾಕ್ಷನ್:
ನಾಲ್ಕಲ್ಲ, ಹತ್ತು ಇಡಿ. ಅವು ಕಾಫಿ ಮೇಜಿನ ಕುರ್ಚಿಯಂಥವೇ ಇರಲಿ, ಬೇರೆ ಥರ ಕಾಣಬಾರದು.