ಪ್ರಶ್ನೋತ್ತರ: ಅತ್ತೆಯವರ ಮುತ್ತಜ್ಜ ಜರ್ಮನಿಯ ಯಾವ ಊರಿನವರು?

ಪ್ರಶ್ನೆ (ಅಮೆರಿಕದ ಸಿನ್ಸಿನಾಟಿಯಿಂದ): ನಮಸ್ಕಾರ ಸರ್. ನಾನು ಹಾಸನದವಳು, ಮದುವೆಯಾಗಿ ಇಲ್ಲಿಗೆ ಬಂದೆ. ನನ್ನ ಗಂಡ ಇಲ್ಲಿಯವರೇ. ಅತ್ತೆಯವರಿಗೆ ಈಗ 81 ವರ್ಷ. ಅವರ ಮುತ್ತಜ್ಜ 1850ರ ದಶಕದಲ್ಲಿ ಜರ್ಮನಿ ಬಿಟ್ಟು ಬಂದವರು, ಮನೆತನದ ಹೆಸರು ಸ್ನೈಡರ್. 1860ರ ಜನಗಣತಿಯಲ್ಲಿ ವಯಸ್ಸು 31, ಹುಟ್ಟಿದ್ದು ‘ವುರ್ಟೆಂಬರ್ಗ್’ (ಆಗಿನ ಜರ್ಮನಿಯ ಒಂದು ರಾಜ್ಯ) ಅಂತಷ್ಟೇ ಇದೆ. ಆನ್‌ಲೈನ್‌ನಲ್ಲಿ ಜರ್ಮನ್ ಚರ್ಚ್ ದಾಖಲೆ ಹುಡುಕಿದರೆ ಯೋಹಾನ್ ಷ್ನೈಡರ್ (ಸ್ನೈಡರ್ ಹೆಸರಿನ ಜರ್ಮನ್ ರೂಪ) ಎಂಬುವರು ಸಾಲುಗಟ್ಟಿ ಬರುತ್ತಾರೆ. ಒಬ್ಬರು 1829ರಲ್ಲಿ ಹುಟ್ಟಿದವರು, ಲೆಕ್ಕ ಸರಿಹೊಂದುತ್ತದೆ. ಅವರನ್ನೇ ವಂಶವೃಕ್ಷಕ್ಕೆ ಸೇರಿಸಬಹುದಾ? ಅತ್ತೆ ಇರುವಾಗಲೇ ಊರು ಗೊತ್ತಾದರೆ ಸಾಕು ಅಂತ ಆಸೆ.

ಉತ್ತರ: ದಯವಿಟ್ಟು ಈಗಲೇ ಸೇರಿಸಬೇಡಿ ಮೇಡಂ. ಹಳೆಯ ಜರ್ಮನ್ ದಾಖಲೆ ಓದಿಕೊಡುವುದೇ ನನ್ನ ಕಸುಬು. ನನ್ನ ಹತ್ತಿರ ಬರುವ ವಂಶವೃಕ್ಷಗಳಲ್ಲಿ ಅತಿ ಹೆಚ್ಚು ಕೆಟ್ಟಿರುವುದು ಇದೇ ಜಾಗದಲ್ಲಿ. ಹೆಸರು ಕೂಡಿತು, ವರ್ಷ ಕೂಡಿತು, ಹಾಗಾದರೆ ಇವರೇ ಎಂದು ಬರೆದುಬಿಡುತ್ತಾರೆ. ಅಲ್ಲಿಂದ ಮೇಲಕ್ಕೆ ಹೋದದ್ದೆಲ್ಲ ಬೇರೆ ಯಾರದೋ ಮನೆಯ ಕಥೆಯಾಗುತ್ತದೆ.

ಆ ಕಾಲದ ಗಂಡುಮಕ್ಕಳಲ್ಲಿ ಎಷ್ಟೋ ಜನರ ಹೆಸರಿನ ಮುಂದೆ ‘ಯೋಹಾನ್’ ಇರುತ್ತದೆ. ಮನೆಯಲ್ಲಿ ಕರೆಯುತ್ತಿದ್ದುದು ಎರಡನೆಯ ಹೆಸರಿನಿಂದ. ಇನ್ನು ಸರ್ಕಾರಿ ಜನನ ಮರಣ ನೋಂದಣಿ ಇಡೀ ಜರ್ಮನಿಗೆ ಬಂದದ್ದು 1876ರಲ್ಲಿ. ಅದಕ್ಕೆ ಮುಂಚೆ ಹೆಚ್ಚಿನ ಕಡೆ ಇದ್ದದ್ದು ಆಯಾ ಊರಿನ ಪಾದ್ರಿ ಬರೆದಿಟ್ಟ ಚರ್ಚ್ ಪುಸ್ತಕಗಳೇ: ದೀಕ್ಷಾಸ್ನಾನ, ಮದುವೆ, ಮಣ್ಣು. ಇಡೀ ದೇಶಕ್ಕೆ ಒಂದು ಸೂಚಿ ಇಲ್ಲ. ಊರಿನ ಹೆಸರಿಲ್ಲದೆ ಆ ಪುಸ್ತಕದ ಕಪಾಟಿನ ಮುಂದೆ ನಿಂತು ಪ್ರಯೋಜನವಿಲ್ಲ.

ಹಾಗಾಗಿ ಊರನ್ನು ಹುಡುಕಬೇಕಾದದ್ದು ನೀವಿರುವ ಸಿನ್ಸಿನಾಟಿಯಲ್ಲೇ. ಅಲ್ಲಿನ ಕೋರ್ಟ್ ಕಟ್ಟಡ 1884ರ ಗಲಭೆಯಲ್ಲಿ ಸುಟ್ಟು ಎಷ್ಟೋ ಕಾಗದಪತ್ರ ಬೂದಿಯಾದವು. ಚರ್ಚುಗಳ ಪುಸ್ತಕಕ್ಕೆ ಬೆಲೆ ಬಂದಿರುವುದು ಅದಕ್ಕೂ ಹೌದು. ಓವರ್-ದಿ-ರೈನ್ ಬಡಾವಣೆಯಲ್ಲಿ ಜರ್ಮನ್ನರದ್ದೇ ಚರ್ಚುಗಳಿದ್ದವು, ಪಾದ್ರಿ ಬರೆಯುತ್ತಿದ್ದುದೂ ಜರ್ಮನ್‌ನಲ್ಲೇ. ಕಾಲುವೆ ದಾಟಿದರೆ ಜರ್ಮನ್ ಕೇರಿ ಅಂತ ಆ ಕಾಲುವೆಗೇ ಜನ ‘ರೈನ್ ನದಿ’ ಎಂದು ಹೆಸರಿಟ್ಟಿದ್ದರು. ಇಂಗ್ಲಿಷ್ ಗುಮಾಸ್ತನಿಗೆ ವುರ್ಟೆಂಬರ್ಗ್ ಅಂದರೆ ಸಾಕಾಗಿತ್ತು. ಜರ್ಮನ್ ಪಾದ್ರಿಗೆ ಸಾಲದು, ಅವನು ಊರು ಕೇಳಿ ಬರೆಯುತ್ತಿದ್ದ. ಮುತ್ತಜ್ಜನನ್ನು ಮಣ್ಣು ಮಾಡಿದ ದಾಖಲೆ ಮೊದಲು ಹುಡುಕಿ. ಅದು ಸಿಗದಿದ್ದರೆ ಅವರ ಹೆಂಡತಿಯದು, ತಮ್ಮಂದಿರದು, ಮಕ್ಕಳ ದೀಕ್ಷಾಸ್ನಾನದಲ್ಲಿ ಜ್ಞಾನಪಿತೃಗಳಾಗಿ (ಗಾಡ್‌ಫಾದರ್, ಗಾಡ್‌ಮದರ್) ನಿಂತವರದು. ಒಂದೇ ಊರಿನವರು ಒಬ್ಬರನ್ನೊಬ್ಬರು ಬಿಟ್ಟು ದೂರ ಹೋಗುತ್ತಿರಲಿಲ್ಲ.

ಪ್ರಶ್ನೆ (ಅವರೇ, ಮೂರು ವಾರದ ನಂತರ): ಸಿಕ್ಕಿತು ಸರ್! ಚರ್ಚಿನ ಮೈಕ್ರೋಫಿಲ್ಮ್‌ನಲ್ಲಿ. ಸತ್ತದ್ದು 14 ಮಾರ್ಚ್ 1891. ಹೆಸರು ‘ಫ್ರೀಡ್ರಿಖ್ ಷ್ನೈಡರ್’, ಯೋಹಾನ್ ಇಲ್ಲವೇ ಇಲ್ಲ. ಊರು ‘ಬೀಡಿಕ್‌ಹೈಮ್’ ಅಂತ ಓದಿದೆ. ನಕ್ಷೆಯಲ್ಲಿ ಅಂಥ ಊರಿಲ್ಲ. ಪಕ್ಕದಲ್ಲಿ ‘ಓ.ಆ. ಬೇಸಿಗ್‌ಹೈಮ್’ ಅಂತಿದೆ. ವಯಸ್ಸು 62 ವರ್ಷ, 3 ತಿಂಗಳು, 11 ದಿನ.

ಉತ್ತರ: ನೋಡಿ, ಬಂಗಾರದಂಥ ಸಾಲು! ಊರು ಬೀಟಿಗ್‌ಹೈಮ್. ಆ ಸೀಮೆಯವರ ಮಾತಿನಲ್ಲಿ ಟ-ಡ, ಪ-ಬ, ಕ-ಗ ಒಂದಕ್ಕೊಂದು ಬೆರೆಯುತ್ತವೆ. ನಮ್ಮಲ್ಲಿ ‘ಹಾಲು’ ಕೆಲವರ ಬಾಯಲ್ಲಿ ‘ಆಲು’ ಆಗುವುದಿಲ್ಲವೇ, ಹಾಗೆ. ಪಾದ್ರಿ ಕಿವಿಗೆ ಬಿದ್ದದ್ದನ್ನು ಬರೆದಿದ್ದಾನೆ.

‘ಓ.ಆ.’ ಅಂದರೆ ಓಬರಾಮ್ಟ್, ನಮ್ಮ ತಾಲ್ಲೂಕಿನ ಹಾಗೆ. ಅದನ್ನು ಬಿಡದೆ ಬರೆದುಕೊಂಡದ್ದು ಒಳ್ಳೆಯದಾಯಿತು, ಏಕೆಂದರೆ ಬಾಡೆನ್ ಸೀಮೆಯಲ್ಲಿ ರಾಷ್ಟಾಟ್ ಹತ್ತಿರ ಇನ್ನೊಂದು ಬೀಟಿಗ್‌ಹೈಮ್ ಇದೆ. ನಿಮ್ಮದು ಬೇಸಿಗ್‌ಹೈಮ್ ತಾಲ್ಲೂಕಿನದು, ಸ್ಟುಟ್‌ಗಾರ್ಟ್‌ನ ಉತ್ತರಕ್ಕೆ.

ಈಗ ವಯಸ್ಸು ಕಳೆಯಿರಿ. 14 ಮಾರ್ಚ್ 1891ರಿಂದ 62 ವರ್ಷ ಹಿಂದೆ ಹೋದರೆ 14 ಮಾರ್ಚ್ 1829. ಮೂರು ತಿಂಗಳು ಹಿಂದೆ 14 ಡಿಸೆಂಬರ್ 1828. ಇನ್ನು 11 ದಿನ ತೆಗೆದರೆ 3 ಡಿಸೆಂಬರ್ 1828. ನೀವು ಸೇರಿಸಲು ಹೊರಟಿದ್ದ 1829ರ ಯೋಹಾನ್ ಇವರಲ್ಲ.

ವುರ್ಟೆಂಬರ್ಗ್‌ನ ಪ್ರೊಟೆಸ್ಟಂಟ್ ಚರ್ಚುಗಳ ಪುಸ್ತಕಗಳು ಆರ್ಕಿಯೋನ್ ತಾಣದಲ್ಲಿವೆ. ಚಂದಾ ಕಟ್ಟಬೇಕು, ಒಂದು ತಿಂಗಳಿಗೆ ಕಟ್ಟಿದರೆ ಸಾಕು. (ಕ್ಯಾಥೊಲಿಕ್ ಮನೆತನ ಹುಡುಕುವವರು ಮೆಟ್ರಿಕುಲಾ ನೋಡಿ. ಅದು ಉಚಿತ, ಆದರೆ ಎಲ್ಲ ಧರ್ಮಪ್ರಾಂತ್ಯಗಳೂ ಇಲ್ಲ.) ದೀಕ್ಷಾಸ್ನಾನದ ಪುಸ್ತಕಕ್ಕಿಂತ ಮೊದಲು ಅಲ್ಲಿ ‘ಫ್ಯಾಮಿಲಿಯನ್‌ರೆಗಿಸ್ಟರ್’ ತೆರೆಯಿರಿ. 1808ರಿಂದ ವುರ್ಟೆಂಬರ್ಗ್‌ನ ಪಾದ್ರಿಗಳು ಮನೆಗೊಂದು ಪುಟದಂತೆ ಬರೆದಿಡುತ್ತಿದ್ದರು: ಗಂಡ, ಹೆಂಡತಿ, ಇಬ್ಬರ ತಂದೆತಾಯಿ, ಕೆಳಗೆ ಮಕ್ಕಳು. ಊರು ಬಿಟ್ಟವರ ಪಕ್ಕದಲ್ಲಿ ಎಷ್ಟೋ ಸಲ ‘ನಾಖ್ ಅಮೆರಿಕಾ’, ಅಂದರೆ ಅಮೆರಿಕಕ್ಕೆ, ಎಂಬ ಟಿಪ್ಪಣಿ ಇರುತ್ತದೆ.

ಒಂದು ಎಚ್ಚರಿಕೆ. ಹಸುಗೂಸು ತೀರಿಕೊಂಡರೆ ಅದೇ ಹೆಸರನ್ನು ಮುಂದಿನ ಮಗುವಿಗೆ ಇಡುತ್ತಿದ್ದರು. ಹೆಸರಿನ ಪಕ್ಕ ಸಣ್ಣ ಶಿಲುಬೆ ಇದೆಯಾ ನೋಡದೆ ಮುಂದೆ ಹೋಗಬೇಡಿ.

ಪ್ರಶ್ನೆ (ಧಾರವಾಡದಿಂದ): ಸರ್, ನಾ ಜರ್ಮನ್ ಕಲ್ತೇನ್ರಿ. ಆದ್ರ ಈ ಹಳೇ ಬರಹದಾಗ ಒಂದಕ್ಷರನೂ ತಿಳಿಯವಲ್ದು. ಹೆಂಗ ಓದೂದ್ರಿ?

ಉತ್ತರ: ಅದು ಕುರೆಂಟ್ ಎಂಬ ಲಿಪಿ ಸರ್, ಇಂದಿನ ಜರ್ಮನ್ನರಿಗೂ ಓದಲು ಕಷ್ಟ. ಅದರಲ್ಲಿ ‘ಇ’ (e) ಅಕ್ಷರ ನೋಡಲು ‘ಎನ್’ (n) ತರಹ ಇರುತ್ತದೆ, ‘ಯು’ (u) ಮೇಲೆ ಸಣ್ಣ ಕೊಂಕು ಇರುತ್ತದೆ. ಕಣ್ಣಿನಲ್ಲಿ ಕಲಿಯಲು ಹೋಗಬೇಡಿ, ಕೈಯಲ್ಲಿ ಕಲಿಯಿರಿ. ಅಕ್ಷರಮಾಲೆ ಎದುರಿಗಿಟ್ಟುಕೊಂಡು ನಿಮ್ಮ ಮನೆಯವರ ಹೆಸರುಗಳನ್ನೇ ದಿನಾ ಒಂದು ಪುಟ ಬರೆಯಿರಿ. ಕೈ ತಿರುಗಿದರೆ ಕಣ್ಣು ತಾನಾಗಿ ಓದುತ್ತದೆ.

17–18ನೇ ಶತಮಾನದ ಪುಸ್ತಕಗಳಿಗೆ ಹೋದರೆ ನಮ್ಮವರಿಗೆ ಒಂದು ಅನುಕೂಲವಿದೆ. ವಾರದ ಹೆಸರಿನ ಬದಲು ಗ್ರಹದ ಚಿಹ್ನೆ ಹಾಕಿರುತ್ತಾರೆ. ಕುಜನ ಚಿಹ್ನೆ ಇದ್ದರೆ ಮಂಗಳವಾರ, ಶುಕ್ರನದು ಇದ್ದರೆ ಶುಕ್ರವಾರ. ಪಂಚಾಂಗ ಬಲ್ಲವರಿಗೆ ವಿವರಿಸಬೇಕಾಗಿಯೇ ಇಲ್ಲ. ತಿಂಗಳಲ್ಲಿ ಮಾತ್ರ ಹುಷಾರು: ‘7ಬರ್’ ಅಂದರೆ ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ ಸೆಪ್ಟೆಮ್ ಅಂದರೆ ಏಳು.

ಪ್ರಶ್ನೆ (ಸಿನ್ಸಿನಾಟಿಯಿಂದ): ಸರ್, ಪುಟ ಸಿಕ್ಕಿತು. ಯೋಹಾನ್ ಫ್ರೀಡ್ರಿಖ್, 3 ಡಿಸೆಂಬರ್ 1828, ಪಕ್ಕದಲ್ಲಿ ‘ನಾಖ್ ಅಮೆರಿಕಾ’. ನೀವು ಹೇಳಿದ ಹಾಗೆಯೇ ಅದರ ಮೇಲಿನ ಸಾಲಿನಲ್ಲಿ ಇನ್ನೊಬ್ಬ ಯೋಹಾನ್ ಫ್ರೀಡ್ರಿಖ್, 1826, ಶಿಲುಬೆ ಇದೆ. ಅತ್ತೆಯವರಿಗೆ ತೋರಿಸಿದೆ. ಅವರು ಮುತ್ತಜ್ಜನ ಸಾಲು ಬಿಟ್ಟು ಆ ಮೇಲಿನ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೂತರು. ‘ಈ ಮಗುವಿಗೆ ಏನಾಗಿತ್ತು?’ ಅಂತ ಕೇಳುತ್ತಿದ್ದಾರೆ. ಗೊತ್ತಾಗುತ್ತದಾ?

ಉತ್ತರ: ಗೊತ್ತಾಗುವ ಸಾಧ್ಯತೆ ಇದೆ ಮೇಡಂ. ಅದೇ ಊರಿನ ಮೃತರ ಪುಸ್ತಕ ತೆಗೆದು, ಶಿಲುಬೆಯ ಪಕ್ಕದ ತಾರೀಖಿಗೆ ಹೋಗಿ. ಆ ಕಾಲದ ಪಾದ್ರಿಗಳು ಕಾಯಿಲೆಗೂ ಒಂದು ಕಲಮು ಬಿಡುತ್ತಿದ್ದರು. ಹಸುಗೂಸುಗಳ ಸಾಲಿನಲ್ಲಿ ಮತ್ತೆ ಮತ್ತೆ ಬರುವ ಪದ ‘ಗಿಖ್ಟರ್’, ಅಂದರೆ ಸೆಳವು. ಓದಲು ಬರದಿದ್ದರೆ ಪುಟದ ಚಿತ್ರ ಇಲ್ಲೇ ಹಾಕಿ. ಇವತ್ತು ರಾತ್ರಿಯೇ ಓದಿ ಹೇಳುತ್ತೇನೆ, ಅತ್ತೆಯವರು ಕಾಯುವುದು ಬೇಡ.