ಸಹಾಯ ಬೇಕು: 18 ಮೀಟರ್ ಅಗಲದ ಗೆರ್ ನಿಲ್ಲಿಸುವುದು ಹೇಗೆ?

ನಮಸ್ಕಾರ. ನಾನು ಆರ್ಕಿಟೆಕ್ಚರ್ ವಿದ್ಯಾರ್ಥಿ. ಮಂಗೋಲಿಯಾದ ಓರ್ಖೋನ್ ಕಣಿವೆಗೆ ಒಂದು ವಿಸಿಟರ್ ಸೆಂಟರ್ ವಿನ್ಯಾಸ ಮಾಡುತ್ತಿದ್ದೇನೆ. 2004ರಿಂದ ಅದು ವಿಶ್ವ ಪರಂಪರೆಯ ತಾಣ. ಅಲ್ಲಿನ ಅಲೆಮಾರಿಗಳ ಗೆರ್ ಡೇರೆಯೇ ನನಗೆ ಮಾದರಿ.

ಗೆರ್‌ಗೆ ಮರದ ಜಾಲರಿ ಗೋಡೆ, ನೆತ್ತಿಯಲ್ಲಿ ಬಳೆಯಂಥ ತೋನೋ, ಎರಡರ ನಡುವೆ ಓರೆ ಕೋಲುಗಳು. ಈ ಕೋಲುಗಳು ಗೋಡೆಯನ್ನು ಹೊರಕ್ಕೆ ತಳ್ಳುತ್ತವೆ. ಸುತ್ತ ಬಿಗಿದ ಹಗ್ಗ ಅದನ್ನು ಹಿಡಿದಿಡುತ್ತದೆ. ಎಷ್ಟು ಜಾಣ ಕೆಲಸ ಅಲ್ವಾ! ಒಂದು ಮನೆಯ ಅಳತೆಗೆ ಇಷ್ಟು ಸಾಕು. ನನಗೆ ಬೇಕಿರುವುದು 18 ಮೀಟರ್ ಅಗಲದ ಹಾಲ್.

ಮಾಡೆಲ್ ಮಾಡಿ ಮೇಲೆ ತೂಕ ಇಟ್ಟೆ. ಪಕ್ಕದ ಕೋಣೆಗೆ ದಾರಿ ಬಿಡಲು ಹಗ್ಗ ತುಂಡು ಮಾಡಿದ ಕಡೆಯೇ ಗೋಡೆ ಉಬ್ಬುತ್ತದೆ. ಸಣ್ಣ ಗೆರ್‌ಗಳನ್ನು ಜೋಡಿಸಿದರೆ ಮಾಡುಗಳ ಸಂದಿಯಲ್ಲಿ ಹಿಮ ತುಂಬುತ್ತದೆ. ಚಳಿಗಾಲದಲ್ಲಿ ಮೈನಸ್ 30 ಡಿಗ್ರಿಗೆ ಇಳಿಯುವ ಜಾಗ ಅದು. ಗೈಡ್ ಅಂತೂ ಸುಮ್ನೆ ಕಾಂಕ್ರೀಟ್ ಗುಮ್ಮಟ ಹಾಕು ಅಂತಾರೆ. ಹಾಗೆ ಮಾಡಿದರೆ ಗೆರ್ ಬರೀ ವೇಷ ಆಗಿಬಿಡುತ್ತದೆ, ನನಗೆ ಇಷ್ಟವಿಲ್ಲ.

ಈಗ ಹೊಳೆದಿರುವುದು ಒಂದೇ: ಬಾಗಿಲುಗಳ ಮೇಲೆ, ಗೋಡೆಯ ತುದಿಗೆ, ಎಲ್ಲೂ ತುಂಡಾಗದ ಸ್ಟೀಲ್ ರಿಂಗ್. ಈ ಅಗಲಕ್ಕೆ ಆ ರಿಂಗ್ ಒಂದೇ ಸಾಕಾ, ಇಲ್ಲ ನಿಜವಾದ ಗೆರ್‌ನಲ್ಲಿ ಇರುವ ಹಾಗೆ ತೋನೋ ಕೆಳಗೆ ಎರಡು ಕಂಬವೂ ಬೇಕಾ? ಸ್ಟ್ರಕ್ಚರಲ್ ಎಂಜಿನಿಯರ್‌ಗಳು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.