ಕನ್ನಡಿ ಕೆಟ್ಟಿದೆಯಾ, ಇಲ್ಲ ಬಿಸಿ ಇನ್ನೂ ಆರಿಲ್ಲವಾ?

ಪ್ರಶ್ನೆ: ಸರ್, ಕನ್ನಡಿ ನಾನೇ ಉಜ್ಜಿ 8 ಇಂಚಿನ ಟೆಲಿಸ್ಕೋಪ್ ಮಾಡಿದ್ದೇನೆ. ನಾಭಿದೂರ 1,200 ಮಿ.ಮೀ., ಗಾಜಿನ ದಪ್ಪ 35 ಮಿ.ಮೀ. ಧೂಳು ಬರದಿರಲಿ ಅಂತ ಟ್ಯೂಬಿನ ಹಿಂಬದಿ ಪ್ಲೈವುಡ್ ಹೊಡೆದು ಮುಚ್ಚಿದ್ದೇನೆ. ಸಂಜೆ ಗುರುಗ್ರಹ ನೋಡಿದರೆ ಕುದಿಯುವ ನೀರಿನೊಳಗೆ ಇರುವ ಹಾಗೆ ಕದಡುತ್ತದೆ. ನಡುರಾತ್ರಿ ದಾಟಿದ ಮೇಲೆ ಪಟ್ಟೆಗಳು ಚೆನ್ನಾಗಿ ಕಾಣುತ್ತವೆ. ಮತ್ತೆ ಪಾಲಿಶ್ ಮಾಡಲಾ?

ಉತ್ತರ: ಸದ್ಯಕ್ಕೆ ಕನ್ನಡಿ ಮುಟ್ಟಬೇಡಿ. ಪಾಲಿಶ್ ಕೆಟ್ಟಿದ್ದರೆ ನಡುರಾತ್ರಿಗೆ ತಾನಾಗೇ ಸರಿಹೋಗುತ್ತಿರಲಿಲ್ಲ, ಅಲ್ವಾ?

ಹೀಗೆ ಮಾಡಿ. ಪ್ರಖರವಾದ ನಕ್ಷತ್ರ ಹಿಡಿದು, ಅದು ದೊಡ್ಡ ಬಿಲ್ಲೆ ಆಗುವ ತನಕ ಫೋಕಸ್ ತಪ್ಪಿಸಿ. ಟ್ಯೂಬಿನ ಬಾಯಿಗೆ ಅಂಗೈ ಅಡ್ಡ ಹಿಡಿಯಿರಿ. ಕೈಯ ನೆರಳಿನಿಂದ ಹೊಗೆಯ ಹಾಗೆ ಬಿಸಿ ಏಳುವುದು ಕಾಣುತ್ತದೆ. ಕೈ ತೆಗೆದ ಮೇಲೂ ಅಂಥದೇ ಎಳೆಗಳು ನಿಧಾನಕ್ಕೆ ತೆವಳುತ್ತಿದ್ದರೆ ಅದು ಟ್ಯೂಬಿನ ಒಳಗಿನ ಗಾಳಿ, ಇನ್ನೂ ಆರದ ಕನ್ನಡಿಯ ಬಿಸಿಗೆ ಏಳುತ್ತಿರುವುದು. ಒಂದೇ ದಿಕ್ಕಿಗೆ ಸರಸರ ಓಡಿದರೆ ಆಕಾಶದ್ದು. ಅದಕ್ಕೆ ನನ್ನ ಹತ್ತಿರವೂ ಮದ್ದಿಲ್ಲ.

ಗಾಳಿ 1 ಡಿಗ್ರಿ ಬೆಚ್ಚಗಾದರೆ ಅದರ ವಕ್ರೀಭವನಾಂಕ (ಬೆಳಕನ್ನು ಎಷ್ಟು ನಿಧಾನ ಮಾಡುತ್ತದೆ ಎನ್ನುವ ಅಳತೆ) ಹತ್ತು ಲಕ್ಷದಲ್ಲಿ ಸುಮಾರು ಒಂದು ಪಾಲು ಇಳಿಯುತ್ತದೆ. ಏನೂ ಅಲ್ಲ ಅನ್ನಿಸುತ್ತದೆ. ಆದರೆ 1.2 ಮೀಟರ್ ಟ್ಯೂಬಿನ ಉದ್ದಕ್ಕೂ ಒಂದು ಪಕ್ಕದ ಗಾಳಿ 1 ಡಿಗ್ರಿ ಬೆಚ್ಚಗಿದ್ದರೆ, ಬೆಳಕು ಒಮ್ಮೆ ಹಾಯುವಷ್ಟರಲ್ಲೇ ಎರಡು ಪಕ್ಕದ ಬೆಳಕಿನ ದಾರಿಗೂ ಸುಮಾರು 1.2 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ವ್ಯತ್ಯಾಸ. ಹಸಿರು ಬೆಳಕಿನ ಅಲೆಯುದ್ದ 0.55 ಮೈಕ್ರಾನ್. ಅಂದರೆ ಎರಡು ಅಲೆಗೂ ಜಾಸ್ತಿ! ಕನ್ನಡಿಯ ತಪ್ಪನ್ನು ಕಾಲು ಅಲೆಯೊಳಗೆ ತರಬೇಕು ಅಂತ ತಾನೇ ನೀವು ಅಷ್ಟು ದಿನ ಉಜ್ಜಿದ್ದು?

ಆ ಪ್ಲೈವುಡ್ ಮೊದಲು ಕಿತ್ತುಹಾಕಿ. ಗಾಜು ಬಿಸಿ ಬಿಡುವುದೇ ನಿಧಾನ, ನೀವು ಅದಕ್ಕೆ ಕಂಬಳಿ ಹೊದಿಸಿದ್ದೀರಿ. ಆ ಜಾಗದಲ್ಲಿ ಕಂಪ್ಯೂಟರಿನ 80 ಮಿ.ಮೀ. ಫ್ಯಾನ್ ಹಾಕಿ, ಗಾಳಿ ಕನ್ನಡಿಯ ಬೆನ್ನಿಗೆ ಬೀಳಲಿ. ನೋಡುವುದಕ್ಕೆ ಒಂದು ಗಂಟೆ ಮುಂಚೆಯೇ ಶುರು ಮಾಡಿ.

ಪ್ರಶ್ನೆ: ಫ್ಯಾನ್ ಅದುರಿದರೆ ಚಿತ್ರ ಅಲುಗಾಡಲ್ವಾ? ನೋಡುವಾಗ ಆಫ್ ಮಾಡಬೇಕಾ?

ಉತ್ತರ: ಸ್ಕ್ರೂ ಹಾಕಿ ಬಿಗಿದರೆ ಅದುರುತ್ತದೆ. ನಾಲ್ಕು ಮೂಲೆಗೂ ರಬ್ಬರ್ ಬ್ಯಾಂಡ್ ಕಟ್ಟಿ ತೂಗುಹಾಕಿ, 12 ವೋಲ್ಟ್ ಫ್ಯಾನಿಗೆ 7 ವೋಲ್ಟ್ ಕೊಡಿ. ಆಫ್ ಮಾಡಬೇಡಿ. ರಾತ್ರಿಯಿಡೀ ಹೊರಗಿನ ಗಾಳಿ ತಣ್ಣಗಾಗುತ್ತಲೇ ಹೋಗುತ್ತದೆ, ಗಾಜು ಅದರ ಹಿಂದೆ ಓಡುತ್ತಲೇ ಇರುತ್ತದೆ. ನಿಲ್ಲಿಸಿದರೆ ಕನ್ನಡಿಯ ಮುಖಕ್ಕೆ ಬೆಚ್ಚನೆಯ ಪದರ ಮತ್ತೆ ಕೂರುತ್ತದೆ.

ಅಂದಹಾಗೆ, ಗಾಜು ಯಾವುದು? ಸಾದಾ ಗಾಜು ಶಾಖ ತಾಳುವ ಗಾಜಾದ ಪೈರೆಕ್ಸ್‌ಗಿಂತ ಸುಮಾರು ಮೂರು ಪಟ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಆರುವ ತನಕ ಅದರ ಆಕಾರವೂ ಸ್ವಲ್ಪ ಕೆಟ್ಟಿರುತ್ತದೆ.

ಪ್ರಶ್ನೆ: ಸಾದಾ ಗಾಜೇ ಸರ್. ನಿನ್ನೆ ಪ್ಲೈವುಡ್ ತೆಗೆದು, ಹೊರಗಿಟ್ಟು ಎರಡು ಗಂಟೆ ಆದ ಮೇಲೆ ಕನ್ನಡಿಯ ಬೆನ್ನು ಮುಟ್ಟಿ ನೋಡಿದೆ. ಟ್ಯೂಬ್ ತಣ್ಣಗಿತ್ತು, ಗಾಜು ಇನ್ನೂ ಬೆಚ್ಚಗಿತ್ತು!

ಉತ್ತರ: ಸಿಕ್ಕಿತಲ್ಲ ಕಳ್ಳ. ಫ್ಯಾನ್ ಹಾಕಿದ ಮೇಲೆ ಅದೇ ನಕ್ಷತ್ರದ ಬಿಲ್ಲೆ ಇನ್ನೊಮ್ಮೆ ನೋಡಿ ಹೇಳಿ.